ಹಳೆಯ ಪುಸ್ತಕದ ಬೆಲೆ ಇಳಿದ ಕಥೆ

ಪ್ರತಿಯೊಂದು ಪುಸ್ತಕಕ್ಕೂ ಎರಡು ಬೆಲೆಗಳಿರುತ್ತವೆ. ಒಂದು, ಪ್ರಕಾಶಕರು ಅಚ್ಚು ಹಾಕಿಸಿದ ಮುಖಬೆಲೆ. ಇನ್ನೊಂದು, ಮೊದಲ ಓದುಗ ಪುಸ್ತಕವನ್ನು ಕೈಬಿಟ್ಟ ಮೇಲೆ ಅದಕ್ಕೆ ಮತ್ತೊಬ್ಬರು ಕೊಡಲು ಒಪ್ಪುವ ಬೆಲೆ. ಕಳೆದ ಮೂರು ದಶಕಗಳಲ್ಲಿ ಕುಸಿದಿರುವುದು ಈ ಎರಡನೆಯ ಬೆಲೆ. ಹಿರಿಯರು ತೀರಿಕೊಂಡ ಮನೆಗಳಲ್ಲಿ, ಊರು ಬಿಟ್ಟು ಫ್ಲ್ಯಾಟಿಗೆ ಹೋಗುವ ಸಂಸಾರಗಳಲ್ಲಿ, ಪುಸ್ತಕದ ಕಪಾಟು ಖಾಲಿ ಮಾಡುವ ಹೊತ್ತಿಗೆ ಕರೆ ಹೋಗುವುದು ಪುಸ್ತಕ ವ್ಯಾಪಾರಿಗಲ್ಲ, ರದ್ದಿಯವರಿಗೆ. ಅವರಿಗೆ ಲೇಖಕರ ಹೆಸರು ಬೇಡ, ಅಚ್ಚಾದ ವರ್ಷ ಬೇಡ. ತೂಕ ಗೊತ್ತಾದರೆ ಸಾಕು.

ಜನ ಓದುವುದನ್ನು ಬಿಟ್ಟಿದ್ದಾರೆ ಎಂಬ ಒಂದೇ ಮಾತಿನಲ್ಲಿ ಇದಕ್ಕೆ ಕಾರಣ ಹೇಳಿ ಮುಗಿಸುವುದುಂಟು. ವಿಷಯ ಅಷ್ಟು ಸರಳವಾಗಿಲ್ಲ. ಜನ ಇಂದಿಗೂ ಓದುತ್ತಾರೆ. ಓದುವ ಬಗೆ ಬದಲಾಗಿದೆ. ಆ ಬದಲಾವಣೆಯ ಜೊತೆಗೆ, ಹಳೆಯ ಪುಸ್ತಕಕ್ಕೆ ಬೆಲೆ ತಂದುಕೊಡುತ್ತಿದ್ದ ಆಸರೆಗಳು ಒಂದೊಂದಾಗಿ ಕಳಚಿವೆ. ಅವು ಯಾವುವು, ಕಳಚಿದ್ದು ಹೇಗೆ, ಅದರಿಂದ ಕನ್ನಡಕ್ಕೆ ಆಗುತ್ತಿರುವ ನಷ್ಟವೇನು ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಓಲೆಗರಿ ಕಲಿಸಿದ ಪಾಠ

ಓದುವ ಸಾಧನವೊಂದು ಬೆಲೆ ಕಳೆದುಕೊಂಡದ್ದು ನಮ್ಮಲ್ಲಿ ಇದೇ ಮೊದಲಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಅಲ್ಲಿಂದ ಮುಂದೆ ಒಂದೆರಡು ತಲೆಮಾರಿನಲ್ಲಿ ಅಚ್ಚಿನ ಪುಸ್ತಕ ಮನೆಮನೆಗೆ ಬಂತು. ಹಬ್ಬದ ದಿನ ಸರಸ್ವತಿಯೆಂದು ಪೂಜೆ ಮಾಡುತ್ತಿದ್ದ ಓಲೆಗರಿಯ ಕಟ್ಟುಗಳು ಅಟ್ಟ ಸೇರಿದವು. ಅವನ್ನು ಓದಬಲ್ಲವರು ಕಡಿಮೆಯಾದಂತೆ ಕೆಲವು ಗೆದ್ದಲು ಹಿಡಿದವು, ಕೆಲವು ಹೊಳೆಯ ಪಾಲಾದವು, ಕೆಲವು ಒಲೆಗೂ ಹೋದವು.

ಅವುಗಳ ಮಹತ್ವ ತಿಳಿದದ್ದು ತಡವಾಗಿ. ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಸ್ಥಾಪನೆಯಾದದ್ದು 1891ರಲ್ಲಿ. ಆ ಗ್ರಂಥಾಲಯಕ್ಕೆ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ ಇದೆಯೆಂದು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು; 1909ರಲ್ಲಿ ಅದು ಅಚ್ಚಾಯಿತು. ಕನ್ನಡದ ಕವಿಗಳ ಚರಿತ್ರೆಯನ್ನು ಹುಡುಕಿ ಜೋಡಿಸಿದ ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಬಂದವು. ಮುದ್ರಣ ಕಾಲಿಟ್ಟದ್ದಕ್ಕೂ ಈ ಹುಡುಕಾಟ ಬಲಗೊಂಡದ್ದಕ್ಕೂ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸರಿದಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೆಲೆ ಮೊದಲು ಬೀಳುತ್ತದೆ, ಅರಿವು ಆಮೇಲೆ ಬರುತ್ತದೆ. ಈ ಎರಡರ ನಡುವಿನ ಅವಧಿಯಲ್ಲಿ ಹೋದದ್ದು ಹೋದಂತೆಯೇ. ಅಚ್ಚಿನ ಹಳೆಯ ಪುಸ್ತಕಗಳು ಈಗ ಅಂಥದೇ ಅವಧಿಯಲ್ಲಿವೆ.

ಹೊತ್ತು ಮಾರಿದ ಕಾಲ

ಪುಸ್ತಕಕ್ಕೆ ಬೆಲೆ ತಂದ ಮೊದಲ ಆಸರೆ ಅದರ ಅಭಾವ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಪುಸ್ತಕ ಸಿಗುವುದೇ ಕಷ್ಟವಿತ್ತು. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು (1845–1914) ಹಳೆ ಮೈಸೂರಿನಲ್ಲಿ ಓದುಗರನ್ನು ಸೃಷ್ಟಿಸಿದರೆ, ಉತ್ತರ ಕರ್ನಾಟಕದಲ್ಲಿ ಆ ಕೆಲಸ ಮಾಡಿದವರು ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿ (1869–1942). ಐತಿಹಾಸಿಕ ಕಾದಂಬರಿಗಳನ್ನು ಬರೆದು, ‘ಸದ್ಬೋಧ ಚಂದ್ರಿಕೆ’ ಮಾಸಿಕವನ್ನು ನಡೆಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬಾಗಿಲಿಗೆ ಬಂದ ಪುಸ್ತಕವನ್ನು ಕೊಂಡ ಮನೆಯವರು ಅದನ್ನು ಓದಿ ಬಿಸಾಡುವ ಪ್ರಶ್ನೆಯೇ ಇರಲಿಲ್ಲ. ಮುಂದಿನ ಪುಸ್ತಕ ಯಾವಾಗ ಬಂದೀತೋ ಯಾರಿಗೆ ಗೊತ್ತು?

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಚಂದಾದಾರರ ಪದ್ಧತಿಯನ್ನು ನೆಲೆಗೊಳಿಸಿದರು. ವರ್ಷದ ಹಣ ಮುಂಗಡ ಕೊಟ್ಟವರಿಗೆ ಪುಸ್ತಕಗಳು ತಲುಪುತ್ತಿದ್ದವು. ಒಂದು ಮನೆಗೆ ಬಂದ ಪ್ರತಿ ಓಣಿಯಲ್ಲೆಲ್ಲ ಸುತ್ತುತ್ತಿತ್ತು. ಒಳಪುಟದಲ್ಲಿ ಮಾಲೀಕರ ಹೆಸರು, ಊರು, ಕೊಂಡ ತಾರೀಖು. ಕೆಲವರಲ್ಲಿ ಯಾರಿಗೆ ಕೊಟ್ಟದ್ದು, ಯಾವಾಗ ಮರಳಿ ಬಂದದ್ದು ಎಂಬ ಪಟ್ಟಿ ಬೇರೆ. ಓದಿ ಓದಿ ಹೊಲಿಗೆ ಬಿಟ್ಟರೆ ರಟ್ಟು ಹಾಕಿ ಬೈಂಡ್ ಮಾಡಿಸುತ್ತಿದ್ದರು.

1960ರ ದಶಕದ ನಂತರ ವಾರಪತ್ರಿಕೆಗಳ ಧಾರಾವಾಹಿಗಳು ಈ ಶಿಸ್ತನ್ನು ಇನ್ನೊಂದು ಬಗೆಯಲ್ಲಿ ಮುಂದುವರಿಸಿದವು. ‘ಸುಧಾ’ ಬಂದದ್ದು 1965ರಲ್ಲಿ, ‘ತರಂಗ’ 1983ರಲ್ಲಿ. ವಾರವಾರ ಬರುತ್ತಿದ್ದ ಕಂತುಗಳನ್ನು ಕತ್ತರಿಸಿ, ಜೋಡಿಸಿ, ಹೊಲಿಸಿ ಮನೆಯಲ್ಲೇ ಕಾದಂಬರಿ ಮಾಡಿಕೊಂಡ ಗೃಹಿಣಿಯರು ನಾಡಿನ ತುಂಬ ಇದ್ದರು.

ಇದೇ ಅಭಾವದ ಮೇಲೆ ನಿಂತದ್ದು ಸರ್ಕ್ಯುಲೇಟಿಂಗ್ ಲೈಬ್ರರಿ. ಬಡಾವಣೆಯ ಮೂಲೆಯಲ್ಲಿ ಒಂದು ಸಣ್ಣ ಮಳಿಗೆ, ಗೋಡೆಯುದ್ದ ಹಲಗೆ, ಅದರ ತುಂಬ ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ. ಠೇವಣಿ ಇಟ್ಟು ಸದಸ್ಯರಾದವರು ಮುಖಬೆಲೆಯ ಒಂದು ಪಾಲನ್ನು ಬಾಡಿಗೆಯಾಗಿ ಕೊಟ್ಟು ಪುಸ್ತಕ ಒಯ್ಯುತ್ತಿದ್ದರು. ಒಂದು ಪ್ರತಿ ಹತ್ತಾರು ಮನೆ ತಿರುಗಿದರೆ ಹಾಕಿದ ಬಂಡವಾಳ ವಾಪಸು, ಆಮೇಲಿನದೆಲ್ಲ ಲಾಭ. ಅಂದರೆ ಹಳೆಯದಾದಷ್ಟೂ ದುಡಿಯುವ ಸರಕು ಅದು. ಜನಪ್ರಿಯ ಕಾದಂಬರಿಗಳ ಪ್ರಕಾಶಕರಿಗೆ ಈ ಲೈಬ್ರರಿಗಳೇ ನಂಬಿಕೆಯ ಗಿರಾಕಿಗಳಾಗಿದ್ದವು.

1980ರ ದಶಕದಲ್ಲಿ ದೂರದರ್ಶನ ಬಂತು. 1994ರಲ್ಲಿ ಉದಯ ಟಿ.ವಿ. ಆರಂಭವಾಗಿ ಕನ್ನಡದ ಧಾರಾವಾಹಿಗಳು ದಿನನಿತ್ಯ ಮನೆಯೊಳಗೆ ಬಂದವು. ಮಧ್ಯಾಹ್ನದ ಬಿಡುವನ್ನೂ ಸಂಜೆಯ ಹೊತ್ತನ್ನೂ ಕಾದಂಬರಿಗೆ ಕೊಡುತ್ತಿದ್ದವರು ಟಿ.ವಿ. ಮುಂದೆ ಕುಳಿತರು. ಕಥೆಯ ಹಸಿವು ಹೋಗಲಿಲ್ಲ. ಅದನ್ನು ತಣಿಸುವ ಸಾಧನ ಬದಲಾಯಿತು. ಮುಂದೆ ಅದೇ ಹೊತ್ತನ್ನು ಮೊಬೈಲ್ ಫೋನ್ ಕಸಿದುಕೊಂಡಿತು. ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು. ದುಡಿಯುತ್ತಿದ್ದ ಆ ಪ್ರತಿಗಳು ಗಂಟುಗಂಟಾಗಿ ಹಳೇ ಪೇಪರ್ ಅಂಗಡಿ ಸೇರಿದವು.

ಅವೆನ್ಯೂ ರಸ್ತೆಯ ಲೆಕ್ಕಾಚಾರ

ಎರಡನೆಯ ಆಸರೆ ಉಪಯೋಗ. ಇದನ್ನು ಅರಿಯಲು ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ನೋಡಬೇಕು. ಪೇಟೆಯ ಈ ರಸ್ತೆ ಹಳೆಯ ಪುಸ್ತಕಗಳಿಗೆ, ಅದರಲ್ಲೂ ಪಠ್ಯಪುಸ್ತಕಗಳಿಗೆ ಹೆಸರಾದದ್ದು. ಕಾಲೇಜು ಶುರುವಾಗುವ ಹೊತ್ತಿಗೆ ವಿದ್ಯಾರ್ಥಿಗಳು ಇಲ್ಲಿಗೆ ಬಂದು ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವುದು, ಪರೀಕ್ಷೆ ಮುಗಿದ ಮೇಲೆ ಇನ್ನಷ್ಟು ಕಡಿಮೆ ಬೆಲೆಗೆ ಅಲ್ಲಿಯೇ ಮಾರುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದಿದ ಎಷ್ಟೋ ಮಂದಿಯ ವಿದ್ಯಾಭ್ಯಾಸ ಈ ರಸ್ತೆಯ ಋಣದಲ್ಲಿದೆ.

ಈ ವ್ಯಾಪಾರ ನಡೆಯಬೇಕಾದರೆ ಈ ವರ್ಷದ ಪುಸ್ತಕ ಮುಂದಿನ ವರ್ಷವೂ ಪಠ್ಯವಾಗಿರಬೇಕು. ಪಠ್ಯಕ್ರಮ ಬದಲಾದ ದಿನವೇ ವ್ಯಾಪಾರಿಯ ರಾಶಿ ರದ್ದಿಯಾಗುತ್ತದೆ. ಕರ್ನಾಟಕದಲ್ಲಿ ಶಾಲಾ ಪಠ್ಯಗಳು 2017ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಪರಿಷ್ಕರಣೆಗೊಂಡವು. ಪದವಿ ತರಗತಿಗಳಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದು, 2024ರಲ್ಲಿ ರಾಜ್ಯ ಅದರಿಂದ ಹಿಂದೆ ಸರಿಯಿತು. ಈ ನೀತಿಗಳ ಸರಿತಪ್ಪಿನ ಚರ್ಚೆ ಬೇರೆ. ಹಳೆಯ ಪುಸ್ತಕದ ಮಟ್ಟಿಗೆ ಹೇಳುವುದಾದರೆ, ಪ್ರತಿ ಬದಲಾವಣೆಯೂ ಒಂದು ರಾಶಿಯನ್ನು ತಕ್ಕಡಿಗೆ ಕಳಿಸಿದೆ. ಇದರ ಜೊತೆಗೆ, ನೋಟ್ಸುಗಳ ಪಿ.ಡಿ.ಎಫ್. ಪ್ರತಿ ಈಗ ವಿದ್ಯಾರ್ಥಿಗಳ ಫೋನಿನಿಂದ ಫೋನಿಗೆ ಕ್ಷಣಾರ್ಧದಲ್ಲಿ ಹೋಗುತ್ತದೆ.

ಆಕರ ಗ್ರಂಥಗಳ ಕಥೆಯೂ ಇದೇ. 1768ರಿಂದ ಅಚ್ಚಾಗುತ್ತಿದ್ದ ‘ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ’ ಮನೆಯಲ್ಲಿದ್ದರೆ ಅದೊಂದು ಪ್ರತಿಷ್ಠೆ. 1990ರಲ್ಲಿ ಅಮೆರಿಕದಲ್ಲಿ ಇದರ ಸುಮಾರು 1.2 ಲಕ್ಷ ಸೆಟ್‌ಗಳು ಮಾರಾಟವಾಗಿದ್ದವು. ಮೊದಲು ಸಿ.ಡಿ. ವಿಶ್ವಕೋಶಗಳು, 2001ರಿಂದ ವಿಕಿಪೀಡಿಯ ಬಂದ ಮೇಲೆ ಮಾರಾಟ ನೆಲ ಕಚ್ಚಿತು. 32 ಸಂಪುಟಗಳ 2010ರ ಮುದ್ರಣವೇ ಕೊನೆಯದೆಂದು ಸಂಸ್ಥೆ 2012ರಲ್ಲಿ ಘೋಷಿಸಿತು. ಲಕ್ಷುರಿಯಾಗಿದ್ದ ಸೆಟ್ಟನ್ನು ಇಂದು ಉಚಿತವಾಗಿ ಕೊಟ್ಟರೂ ಇಡಲು ಜಾಗವಿಲ್ಲವೆನ್ನುವ ಗ್ರಂಥಾಲಯಗಳಿವೆ.

ಕನ್ನಡದಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ಹೊರತಂದ ‘ಕನ್ನಡ ವಿಶ್ವಕೋಶ’ 14 ಸಂಪುಟಗಳದು. ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ 8 ಸಂಪುಟಗಳದು. 1970ರಿಂದ 1995ರವರೆಗೆ ಅಚ್ಚಾದ ಇದರ ಪುಟಸಂಖ್ಯೆ 9 ಸಾವಿರಕ್ಕೂ ಹೆಚ್ಚು. ಒಂದು ಕಾಲಕ್ಕೆ ಇವುಗಳ ಪೂರ್ಣ ಸೆಟ್ ಸಿಕ್ಕರೆ ಅಧ್ಯಾಪಕರು ಸಾಲ ಮಾಡಿಯಾದರೂ ಕೊಳ್ಳುತ್ತಿದ್ದರು. ವಿಶ್ವಕೋಶದ ಹಲವು ಸಂಪುಟಗಳನ್ನು 2014ರಲ್ಲಿ ವಿಶ್ವವಿದ್ಯಾನಿಲಯವೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ನಿಘಂಟಿನಲ್ಲಿಯೂ ಈಗ ಕಂಪ್ಯೂಟರಿನಲ್ಲೇ ಪದ ಹುಡುಕಬಹುದು. ಇದು ಓದುಗರಿಗೆ ಆದ ದೊಡ್ಡ ಉಪಕಾರ. ಕಪಾಟಿನ ಪ್ರತಿಯ ಬೆಲೆ ಇಳಿಯಲೂ ಅದೇ ಕಾರಣ. ಜ್ಞಾನ ಸುಲಭವಾದಾಗ ಅದನ್ನು ಹೊತ್ತ ಕಾಗದ ಅಗ್ಗವಾಗುವುದು ಸಹಜ. ಅದಕ್ಕಾಗಿ ಕಣ್ಣೀರು ಹಾಕಬೇಕಾಗಿಲ್ಲ.

ಒಂದು ಸೆಂಟಿನ ಪುಸ್ತಕ

ಮೂರನೆಯ ಆಸರೆ ಅಜ್ಞಾತ. ಮಾತು ವಿಚಿತ್ರವೆನಿಸಿದರೂ ನಿಜ. ಯಾವ ಪುಸ್ತಕ ಎಲ್ಲಿದೆ ಎಂಬುದು ಗೊತ್ತಿಲ್ಲದಿದ್ದುದೇ ಹಳೆಯ ಪುಸ್ತಕದ ವ್ಯಾಪಾರಕ್ಕೆ ಬೆನ್ನೆಲುಬಾಗಿತ್ತು. ಬೆಂಗಳೂರಿನಲ್ಲಿ 1945ರಲ್ಲಿ ಕೆ.ಬಿ.ಕೆ. ರಾವ್ ಅವರು ಆರಂಭಿಸಿದ ‘ಸೆಲೆಕ್ಟ್ ಬುಕ್ ಶಾಪ್’ನಂಥ ಅಂಗಡಿಗಳಿಗೆ ವಿದ್ವಾಂಸರು ಎಡತಾಕುತ್ತಿದ್ದುದು ಇದಕ್ಕೇ. ವರ್ಷಗಟ್ಟಲೆ ಹುಡುಕಿದ ಪುಸ್ತಕ ಒಂದು ದಿನ ಧೂಳಿನಲ್ಲಿ ಕಣ್ಣಿಗೆ ಬಿದ್ದರೆ, ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲದ ಗಿರಾಕಿ ಕೇಳಿದಷ್ಟು ಕೊಡುತ್ತಿದ್ದ. ಯಾವ ಪುಸ್ತಕ ಯಾರಿಗೆ ಬೇಕು ಎಂಬ ಲೆಕ್ಕ ವ್ಯಾಪಾರಿಯ ತಲೆಯಲ್ಲಿರುತ್ತಿತ್ತು. ಆ ತಿಳಿವಳಿಕೆಗೂ ಸೇರಿಯೇ ಗಿರಾಕಿ ಹಣ ಕೊಡುತ್ತಿದ್ದ.

ಅಂತರ್ಜಾಲ ಈ ಕತ್ತಲೆಯನ್ನು ಓಡಿಸಿತು. 1995ರಲ್ಲಿ ಅಮೆಜಾನ್ ಪುಸ್ತಕ ಮಾರಾಟ ಶುರು ಮಾಡಿತು. 1996ರಲ್ಲಿ ಕೆನಡಾದಿಂದ ‘ಎಬಿಬುಕ್ಸ್’ ಹಳೆಯ ಪುಸ್ತಕದಂಗಡಿಗಳ ದಾಸ್ತಾನನ್ನು ಒಂದೇ ಪಟ್ಟಿಗೆ ತಂದಿತು. 2000ದಲ್ಲಿ ಅಮೆಜಾನ್ ಹೊರಗಿನ ಮಾರಾಟಗಾರರಿಗೂ ಬಾಗಿಲು ತೆರೆಯಿತು. ಅಪರೂಪವೆಂದು ಊರಿನ ವ್ಯಾಪಾರಿ ನಂಬಿದ್ದ ಪುಸ್ತಕದ ನೂರಾರು ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ ಇರುವುದು ಬಯಲಾಯಿತು. ಎಲ್ಲ ಪ್ರತಿಗಳೂ ಒಂದೇ ಪರದೆಯ ಮೇಲೆ ಸಾಲಾಗಿ ನಿಂತಾಗ ಗಿರಾಕಿ ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿಕೊಂಡ. ಅಮೆರಿಕದಲ್ಲಿ ಇಂಗ್ಲಿಷ್ ಪುಸ್ತಕಗಳು ಒಂದು ಸೆಂಟಿಗೆ ಇಳಿದವು. ಗಿರಾಕಿ ಕೊಡುವ ಸಾಗಣೆ ವೆಚ್ಚದಲ್ಲಿ ಮಿಗುವ ಚೂರೇ ಮಾರಾಟಗಾರರ ಲಾಭ. ನಿಜಕ್ಕೂ ಕೆಲವೇ ಪ್ರತಿಗಳಿದ್ದ ಗ್ರಂಥಗಳ ಬೆಲೆ ಮಾತ್ರ ಏರಿತು. ನಡುವಿನದೆಲ್ಲ ನೆಲಕ್ಕೆ ಬಿತ್ತು.

ಹಾಗೆಂದು ಹಳೆಯ ಪುಸ್ತಕದ ಅಂಗಡಿಗಳೆಲ್ಲ ಮುಳುಗಿದವೆಂದಲ್ಲ. ಎಂಜಿನಿಯರಿಂಗ್ ಓದಿ, ಮಹಾತ್ಮ ಗಾಂಧಿ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಪುಸ್ತಕ ಹರಡಿಕೊಂಡು ವ್ಯಾಪಾರ ಶುರು ಮಾಡಿದ ಮಾಯಿಗೌಡರು 2000ದ ದಶಕದ ಆರಂಭದಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ‘ಬ್ಲಾಸಮ್’ ಸ್ಥಾಪಿಸಿದರು. ಅಂತರ್ಜಾಲದ ಕಾಲದಲ್ಲೇ ಅದು ಹಲವು ಮಹಡಿಗಳಿಗೆ ಬೆಳೆಯಿತು. ಬೇಕಾದ್ದು ಬೇಡವಾದ್ದನ್ನು ಬಲ್ಲವರು ಆರಿಸಿಟ್ಟರೆ ಓದುಗರು ಇಂದಿಗೂ ಬರುತ್ತಾರೆ ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಇಂಥ ಅಂಗಡಿಗಳ ಹಲಗೆಗಳಲ್ಲಿ ಹೆಚ್ಚಿನ ಪಾಲು ಇಂಗ್ಲಿಷಿನದು.

ಕನ್ನಡದ ಲೆಕ್ಕ ಬೇರೆ

ಅಭಾವ, ಉಪಯೋಗ, ಅಜ್ಞಾತ ಎಂಬ ಮೂರೂ ಆಸರೆಗಳು ಇಂಗ್ಲಿಷ್ ಪುಸ್ತಕಕ್ಕೆ ಕಳಚಿದಾಗ ಹೆಚ್ಚಿನ ನಷ್ಟವಾಗಲಿಲ್ಲ. ಲಕ್ಷಗಟ್ಟಲೆ ಪ್ರತಿ ಅಚ್ಚಾದ ಕಾದಂಬರಿಯ ಹತ್ತು ಸಾವಿರ ಪ್ರತಿ ರದ್ದಿಗೆ ಹೋದರೂ ಪಠ್ಯ ಉಳಿಯುತ್ತದೆ. ಕನ್ನಡದಲ್ಲಿ ಒಂದು ಸಾವಿರ ಪ್ರತಿ ಅಚ್ಚಾದರೆ ಅದೇ ಸಾಮಾನ್ಯ ಮುದ್ರಣ. ಗ್ರಂಥಾಲಯ, ಗೆದ್ದಲು, ಮಳೆಗಾಲ, ಮನೆ ಬದಲಾವಣೆ ಎಲ್ಲ ಕಳೆದು ಎಪ್ಪತ್ತು ವರ್ಷದ ನಂತರ ಎಷ್ಟು ಉಳಿದಾವು? ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲದ ಅಂಶವಿರುವುದರಿಂದ ಅದು ಕಂದಾಗಿ, ಮುಟ್ಟಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಇಲ್ಲಿ ತಕ್ಕಡಿಗೆ ಬಿದ್ದ ಒಂದು ಪ್ರತಿ ಕೊನೆಯ ಪ್ರತಿಯೂ ಆಗಿರಬಹುದು.

ಸರಕಾರದ ಕಾಯ್ದೆಗಳು ಇದಕ್ಕೆ ರಕ್ಷಣೆ ಕೊಟ್ಟಿಲ್ಲವೇ ಎಂದು ಕೇಳಬಹುದು. 1954ರ ಕಾಯ್ದೆಯಂತೆ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಕಳಿಸಬೇಕು. ಆದರೆ ತಾಲ್ಲೂಕು ಕೇಂದ್ರದ ಸಣ್ಣ ಅಚ್ಚುಕೂಟದಲ್ಲಿ ಲೇಖಕರೇ ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದ ಪುಸ್ತಕಗಳೆಲ್ಲ ಅಲ್ಲಿಗೆ ತಲುಪಿವೆಯೆಂದು ನಂಬುವಂತಿಲ್ಲ.

ಸ್ಕ್ಯಾನ್ ಮಾಡಿ ಉಳಿಸುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೈಜೋಡಿಸಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸೇರಿದವು. ಆ ತಾಣ ನಿಂತ ಮೇಲೆ ಅದರ ಬಹುಪಾಲನ್ನು ‘ಇಂಟರ್‌ನೆಟ್ ಆರ್ಕೈವ್’ ಉಳಿಸಿಕೊಂಡಿತು. ಆದರೆ ಅನೇಕ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ತಪ್ಪುತಪ್ಪಾಗಿ ನಮೂದಿಸಿದ್ದರಿಂದ ಹುಡುಕಿದವರಿಗೆ ಅವು ಸಿಗುತ್ತಿರಲಿಲ್ಲ. ಹೆಸರು ತಪ್ಪಿದ ಪುಸ್ತಕ ರಾಶಿಯಲ್ಲಿ ಕಳೆದ ಪುಸ್ತಕಕ್ಕಿಂತ ಭಿನ್ನವಲ್ಲ. ಆ ಪಟ್ಟಿಯನ್ನು ಕನ್ನಡ ಅಕ್ಷರದಲ್ಲಿ ತಿದ್ದಿ ಕೊಡುವ ಕೆಲಸವನ್ನು ‘ಸಂಚಯ’ದಂಥ ಸ್ವಯಂಸೇವಕರ ಬಳಗ ಕೈಗೆತ್ತಿಕೊಳ್ಳಬೇಕಾಯಿತು.

ಇನ್ನೊಂದು ತೊಡಕು ಹಕ್ಕುಸ್ವಾಮ್ಯದ್ದು. ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷಗಳವರೆಗೆ ಕೃತಿಯ ಹಕ್ಕು ವಾರಸುದಾರರದು. 1963ರಲ್ಲಿ ನಿಧನರಾದ ತ್ರಿವೇಣಿಯವರ ಕೃತಿಗಳು 2024ರಲ್ಲಿ ಸಾರ್ವಜನಿಕ ಸ್ವತ್ತಾದವು. 1971ರಲ್ಲಿ ತೀರಿಕೊಂಡ ಅ.ನ.ಕೃ. ಅವರ ಕೃತಿಗಳ ಹಕ್ಕು 2031ರ ಕೊನೆಯವರೆಗೂ, 1984ರಲ್ಲಿ ತೀರಿಕೊಂಡ ತ.ರಾ.ಸು. ಅವರದು 2044ರ ಕೊನೆಯವರೆಗೂ ಇರುತ್ತದೆ. ಇವರು ಜನಪ್ರಿಯ ಲೇಖಕರು, ಮರುಮುದ್ರಣ ಮಾಡುವವರಿದ್ದಾರೆ. ಒಂದೆರಡು ಪುಸ್ತಕ ಬರೆದು ಮರೆತುಹೋದ ಶಾಲಾ ಮಾಸ್ತರರ, ವೈದ್ಯರ, ವಕೀಲರ ಕೃತಿಗಳನ್ನು ಕೇಳುವವರಿಲ್ಲ. ವಾರಸುದಾರರು ಯಾರೆಂದು ತಿಳಿಯದ್ದರಿಂದ ಮರುಮುದ್ರಣವಿಲ್ಲ, ಸ್ಕ್ಯಾನ್ ಮಾಡಿ ಬಹಿರಂಗವಾಗಿ ಇಡಲೂ ಅಡ್ಡಿ. ಇಂಥ ಕೃತಿಗೆ ಹಳೆಯ ಪ್ರತಿಯೊಂದೇ ಗತಿ.

ತಕ್ಕಡಿಗೆ ಹಾಕುವ ಮುನ್ನ

ಮನೆಯಲ್ಲಿರುವ ಎಲ್ಲವನ್ನೂ ಉಳಿಸಿಕೊಳ್ಳುವುದು ಆಗದ ಮಾತು. ನಾಲ್ಕು ವರ್ಷದ ಹಿಂದಿನ ಸಿ.ಇ.ಟಿ. ಗೈಡು ರದ್ದಿಗೆ ಹೋದರೆ ಯಾರಿಗೂ ನಷ್ಟವಿಲ್ಲ. ಎಲ್ಲೆಡೆ ಸಿಗುವ ಜನಪ್ರಿಯ ಕಾದಂಬರಿಯ ಹತ್ತನೆಯ ಮುದ್ರಣಕ್ಕೆ ಮರುಗಬೇಕಾಗಿಲ್ಲ. ಆದರೆ ವಿಂಗಡಣೆಯಿಲ್ಲದೆ ಎಲ್ಲವೂ ಒಂದೇ ಚೀಲಕ್ಕೆ ಬೀಳುತ್ತಿರುವುದು ಅಪಾಯ.

ವಿಚಿತ್ರವೆಂದರೆ, ಸಾಹಿತ್ಯವೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಪುಸ್ತಕಗಳೇ ಬೇಗ ಅಳಿಯುವಂಥವು. ಹಳೆಯ ಶಾಲಾ ಪಠ್ಯ, ಪಂಚಾಂಗ, ಅಡುಗೆ ಪುಸ್ತಕ, ಮದುವೆ ಹಾಡುಗಳ ಸಂಗ್ರಹ, ಯಕ್ಷಗಾನ ಪ್ರಸಂಗ, ಊರಿನ ಜಾತ್ರೆ ಅಥವಾ ಸಹಕಾರ ಸಂಘದ ಸ್ಮರಣ ಸಂಚಿಕೆ, ನಾಟಕ ಕಂಪೆನಿಗಳ ಮತ್ತು ಸಿನಿಮಾಗಳ ಹಾಡಿನ ಪುಸ್ತಕ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಉಳಿದಿಲ್ಲ. ಅಂಥ ಚಿತ್ರಗಳ ಬಗ್ಗೆ ತಿಳಿಯಲು ಬರೆಯುವವರು ಹುಡುಕುವುದು ಆ ಕಾಲದ ಜಾಹೀರಾತು, ಕರಪತ್ರ, ಹಾಡಿನ ಪುಸ್ತಕಗಳನ್ನೇ. ಚಿತ್ರಮಂದಿರದ ಬಾಗಿಲಲ್ಲಿ ಬಿಡಿಗಾಸಿಗೆ ಮಾರಾಟವಾದ ನಾಲ್ಕು ಹಾಳೆ, ತೊಂಬತ್ತು ವರ್ಷದ ನಂತರ ಚರಿತ್ರೆಯ ಆಧಾರವಾಗುತ್ತದೆ.

ಆದ್ದರಿಂದ ಕಪಾಟು ಖಾಲಿ ಮಾಡುವವರು ಒಂದು ಸಂಜೆಯ ಬಿಡುವು ಮಾಡಿಕೊಂಡರೆ ಸಾಕು. 1960ಕ್ಕಿಂತ ಮೊದಲು ಅಚ್ಚಾದದ್ದು, ಸಣ್ಣ ಊರಿನ ಮುದ್ರಣಾಲಯದ ಹೆಸರಿರುವುದು, ಒಂದೇ ಮುದ್ರಣ ಕಂಡದ್ದು, ಅಂಚಿನಲ್ಲಿ ಹಿಂದಿನವರ ಟಿಪ್ಪಣಿಯಿರುವುದು ಸಿಕ್ಕರೆ ಪ್ರತ್ಯೇಕವಾಗಿ ತೆಗೆದಿಡಬಹುದು. ಹೆಸರಿನ ಪುಟವನ್ನೂ ಮುದ್ರಣದ ವಿವರವಿರುವ ಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದು ಹತ್ತಿರದ ಕಾಲೇಜಿನ ಕನ್ನಡ ಅಧ್ಯಾಪಕರಿಗೋ, ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಬಳಗಕ್ಕೋ, ಬಲ್ಲ ವ್ಯಾಪಾರಿಗೋ ತೋರಿಸಬಹುದು. ಹತ್ತರಲ್ಲಿ ಒಂಬತ್ತಕ್ಕೆ ಯಾರೂ ಆಸೆಪಡದಿರಬಹುದು. ಹತ್ತನೆಯದು ಬೇರೆಲ್ಲೂ ಇಲ್ಲದ ಪುಸ್ತಕವಾಗಿರಬಹುದು.

ಅಟ್ಟದ ಓಲೆಗರಿಯನ್ನು ಹೊಳೆಗೆ ಬಿಟ್ಟವರು ಅವಿವೇಕಿಗಳಾಗಿರಲಿಲ್ಲ. ಅದರಲ್ಲಿ ಏನಿದೆಯೆಂದು ಹೇಳುವವರು ಅವರ ಬಳಿ ಇರಲಿಲ್ಲ, ಅಷ್ಟೆ. ಅಚ್ಚಿನ ಪುಸ್ತಕಕ್ಕೆ ಅಂಥ ಕಷ್ಟವಿಲ್ಲ. ಅದರಲ್ಲಿ ಏನಿದೆಯೆಂದು ಮೊದಲ ಪುಟದಲ್ಲಿಯೇ ಬರೆದಿರುತ್ತದೆ. ರದ್ದಿಯವರು ಬರುವ ಮೊದಲು ಮನೆಯವರು ಆ ಪುಟವನ್ನು ತೆರೆದು ನೋಡಬೇಕು.